ಎಮರ್ಜೆನ್ಸಿಯಿಂದ ಎಆರ್‌ಟಿ ಕೇಂದ್ರದವರೆಗೆ: ಎಚ್‌ಐವಿ ಸೋಂಕಿತರ ಜತೆ ನಡೆಯುವವರು ಯಾರು?

ಪ್ರಶ್ನೆ: ಅಪಘಾತವಾಗಿಯೋ, ವಾರಗಟ್ಟಲೆ ಬಿಡದ ಜ್ವರಕ್ಕೋ ಎಮರ್ಜೆನ್ಸಿಗೆ ಹೋದವರಿಗೆ ಅಲ್ಲಿನ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆಯೆಂದು ಗೊತ್ತಾಗುವುದುಂಟು. ಎಮರ್ಜೆನ್ಸಿಯವರು ಆ ಹೊತ್ತಿನ ತೊಂದರೆಗೆ ಚಿಕಿತ್ಸೆ ಕೊಟ್ಟು ಮನೆಗೆ ಕಳಿಸುತ್ತಾರೆ. ಎಚ್‌ಐವಿಗಾದರೆ ಬದುಕಿರುವಷ್ಟು ಕಾಲ ಮಾತ್ರೆ ಬೇಕು. ಹಾಗಾದರೆ ಆ ರೋಗಿ ಮುಂದೆ ಎಲ್ಲಿಗೆ ಹೋಗಬೇಕು? ಅವನನ್ನು ಸರಿಯಾದ ಜಾಗಕ್ಕೆ ತಲುಪಿಸುವ ಹೊಣೆ ಯಾರದು?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರ ಸುಲಭ. ಮೊದಲು ಐಸಿಟಿಸಿ, ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿರುವ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಅಲ್ಲಿ ಸೋಂಕು ಖಚಿತವಾದರೆ, ಅದಕ್ಕೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರ. ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಎಆರ್‌ಟಿ ಕೇಂದ್ರವಿದೆ. ಪರೀಕ್ಷೆ, ಸಮಾಲೋಚನೆ, ಮಾತ್ರೆ ಎಲ್ಲವೂ ಉಚಿತ, ಅದೂ ಜೀವನಪೂರ್ತಿ.

ಹೊಣೆ ಯಾರದು ಎಂಬ ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಎಷ್ಟೋ ಕಡೆ ಈ ಹೊಣೆ ಒಂದು ಚೀಟಿಯ ಮೇಲೆ ಬೀಳುತ್ತದೆ. 'ಎಆರ್‌ಟಿ ಕೇಂದ್ರಕ್ಕೆ ಹೋಗಿ' ಎಂದು ಬರೆದ ಚೀಟಿಯನ್ನು ಡಿಸ್ಚಾರ್ಜ್ ಕಾಗದಗಳ ನಡುವೆ ಇಟ್ಟು ಕಳಿಸಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಗಳಿಗೆಗೂ ಮೊದಲ ಮಾತ್ರೆ ನುಂಗುವ ಗಳಿಗೆಗೂ ನಡುವೆ ಇರುವ ಅಂತರದಲ್ಲೇ ಅನೇಕರು ಕೈತಪ್ಪಿ ಹೋಗುತ್ತಾರೆ. ಆ ಅಂತರವನ್ನು ದಾಟಿಸಬಲ್ಲದ್ದು ಹೆಸರು ಹಿಡಿದು ಮಾತನಾಡಿಸುವ, ಫೋನ್ ಮಾಡಿ ವಿಚಾರಿಸುವ, ಬೇಕಾದರೆ ಜತೆಯಲ್ಲೇ ನಡೆದು ಬರುವ ಒಬ್ಬ ಮನುಷ್ಯ. ಆ ಮನುಷ್ಯನನ್ನು ಒದಗಿಸುವ ಹೊಣೆ ಸೋಂಕನ್ನು ಪತ್ತೆಹಚ್ಚಿದ ಆಸ್ಪತ್ರೆಯದು. ರೋಗಿ ಎಆರ್‌ಟಿ ಕೇಂದ್ರದಲ್ಲಿ ಹೆಸರು ಬರೆಸುವವರೆಗೂ ಅವನು ಆ ಆಸ್ಪತ್ರೆಯ ರೋಗಿಯೇ. ನನ್ನ ಉತ್ತರದ ಸಾರ ಇಷ್ಟು. ಇನ್ನು ವಿವರಕ್ಕೆ ಬರುತ್ತೇನೆ.

ಎಮರ್ಜೆನ್ಸಿಯೇ ಏಕೆ?

ಎಚ್‌ಐವಿ ಸೋಂಕು ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು. ಹೊಲದಲ್ಲಿ ದುಡಿಯುವವರು, ಲಾರಿ ಓಡಿಸುವವರು, ಕಟ್ಟಡ ಕೆಲಸಕ್ಕೆಂದು ಊರು ಬಿಟ್ಟು ಹೋದವರು ಗಟ್ಟಿಯಾಗಿರುವಾಗ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. ಗರ್ಭಿಣಿಯರಿಗೆ ತಪಾಸಣೆಯ ವೇಳೆ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಗಂಡಸರಿಗೆ ಅಂಥ ನಿಗದಿತ ಸಂದರ್ಭವೇ ಇಲ್ಲ. ಅವರು ವೈದ್ಯರ ಮುಂದೆ ಬರುವುದು ಕೈಕಾಲು ಮುರಿದಾಗ, ಎದೆ ಹಿಡಿದುಕೊಂಡಾಗ, ಜ್ವರ ತಲೆಗೇರಿದಾಗ. ಹಾಗಾಗಿ ಸೋಂಕು ಇದ್ದೂ ತಿಳಿಯದವರನ್ನು ಆರೋಗ್ಯ ವ್ಯವಸ್ಥೆ ಮುಖಾಮುಖಿ ಕಾಣುವ ಒಂದೇ ಜಾಗ ಅನೇಕ ಸಲ ಎಮರ್ಜೆನ್ಸಿಯೇ ಆಗಿರುತ್ತದೆ.

ಇದನ್ನು ಮೊದಲು ಗಟ್ಟಿಯಾಗಿ ತೋರಿಸಿಕೊಟ್ಟದ್ದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ಅಲ್ಲಿನ ತುರ್ತು ವಿಭಾಗಕ್ಕೆ ಬಂದ ವಯಸ್ಕರ ರಕ್ತವನ್ನು ಪರೀಕ್ಷಿಸಿದ ಗೇಬರ್ ಕೆಲೆನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ಸುಮಾರು ಐವರಲ್ಲಿ ಎಚ್‌ಐವಿ ಇತ್ತು. ಅವರಲ್ಲಿ ಬಹುಪಾಲು ಜನರ ಸೋಂಕು ಆವರೆಗೆ ಯಾರ ಅರಿವಿಗೂ ಬಂದಿರಲಿಲ್ಲ. ಆ ದೇಶದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2006ರಲ್ಲಿ ಹೊಸ ಶಿಫಾರಸು ಹೊರಡಿಸಿತು. 13ರಿಂದ 64 ವರ್ಷದವರಿಗೆ, ತುರ್ತು ವಿಭಾಗವೂ ಸೇರಿದಂತೆ ಎಲ್ಲ ಚಿಕಿತ್ಸಾ ಸ್ಥಳಗಳಲ್ಲಿ ತಿಳಿಸಿ ಪರೀಕ್ಷಿಸಬೇಕು, ಬೇಡವೆಂದವರನ್ನು ಬಿಡಬೇಕು ಎಂಬುದು ಅದರ ತಿರುಳು. ಇಂಗ್ಲೆಂಡ್ 2022ರ ಏಪ್ರಿಲ್‌ನಲ್ಲಿ ಇದೇ ದಾರಿ ಹಿಡಿಯಿತು. ಲಂಡನ್, ಮ್ಯಾಂಚೆಸ್ಟರ್, ಬ್ರೈಟನ್, ಬ್ಲ್ಯಾಕ್‌ಪೂಲ್‌ನಂಥ ಸೋಂಕು ಹೆಚ್ಚಿರುವ ಊರುಗಳ ತುರ್ತು ವಿಭಾಗಗಳಲ್ಲಿ, ಬೇರೆ ಕಾರಣಕ್ಕೆ ಹೇಗೂ ರಕ್ತ ತೆಗೆಯುವ ರೋಗಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ಆಗುತ್ತವೆ. ಬೇಡವೆನ್ನುವ ಹಕ್ಕು ಅಲ್ಲೂ ರೋಗಿಗಿದೆ.

ಈ ಪ್ರಯತ್ನಗಳಿಂದ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರೆಲ್ಲ ಹೊಸಬರಲ್ಲ. ಹಿಂದೆಯೇ ಗೊತ್ತಿದ್ದು, ಕೆಲಕಾಲ ಮಾತ್ರೆ ತಿಂದು, ಯಾವುದೋ ಕಾರಣಕ್ಕೆ ಬಿಟ್ಟವರೂ ಅವರಲ್ಲಿದ್ದರು. ಅಂಥವರನ್ನು ಮರಳಿ ಕರೆತರುವುದು ಹೊಸಬರನ್ನು ಹುಡುಕುವಷ್ಟೇ ದೊಡ್ಡ ಕೆಲಸ. ಆ ಮಾತಿಗೆ ಮುಂದೆ ಬರುತ್ತೇನೆ.

ಪರೀಕ್ಷೆ: ಒಪ್ಪಿಗೆಯಿಂದ ಖಚಿತತೆಯವರೆಗೆ

ನಮ್ಮಲ್ಲಿ ಎಮರ್ಜೆನ್ಸಿಯಲ್ಲಿ ಎಚ್‌ಐವಿ ಪತ್ತೆಯಾಗುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ಒಂದು, ಆಪರೇಷನ್‌ಗೆ ಮೊದಲು ಮಾಡುವ ರಕ್ತಪರೀಕ್ಷೆಗಳಲ್ಲಿ. ಇನ್ನೊಂದು, ರೋಗದ ಲಕ್ಷಣ ನೋಡಿ ವೈದ್ಯರಿಗೆ ಅನುಮಾನ ಬಂದಾಗ. ತಿಂಗಳುಗಟ್ಟಲೆ ಕೆಮ್ಮು, ತೂಕ ಇಳಿತ, ಬಾಯಲ್ಲಿ ಬಿಳಿ ಅಗ್ರ, ಉಸಿರು ಕಟ್ಟಿಸುವ ನ್ಯುಮೋನಿಯಾ, ತಡೆಯಲಾಗದ ತಲೆನೋವಿನೊಂದಿಗೆ ಬರುವ ಮೆದುಳು ಪೊರೆಯ ಸೋಂಕು ಅಂಥ ಲಕ್ಷಣಗಳು.

ಎರಡೂ ಸಂದರ್ಭಕ್ಕೆ ಅನ್ವಯಿಸುವ ಕಾನೂನು ನಮ್ಮಲ್ಲಿದೆ. ಸಂಸತ್ತು 2017ರಲ್ಲಿ ಅಂಗೀಕರಿಸಿದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ರೋಗಿಯ ಅಥವಾ ಅವನ ಪ್ರತಿನಿಧಿಯ ತಿಳಿದುಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಪರೀಕ್ಷೆಗೆ ಮೊದಲೂ ನಂತರವೂ ಸಮಾಲೋಚನೆ ಆಗಬೇಕು. 'ಎಚ್‌ಐವಿ ರಿಪೋರ್ಟ್ ಬಂದ ಮೇಲೇ ಚಿಕಿತ್ಸೆ' ಎನ್ನುವಂತಿಲ್ಲ. ಪಾಸಿಟಿವ್ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ. ರಕ್ತ ಸುರಿಯುತ್ತಿರುವವನ ಗಾಯ ಹೊಲಿಯಲು ಅವನ ಎಚ್‌ಐವಿ ಫಲಿತಾಂಶ ಬೇಕಾಗಿಯೇ ಇಲ್ಲ. ಕೈಗವಸು, ಮುಖಕ್ಕೆ ರಕ್ಷಣೆ, ಸೂಜಿಯ ಎಚ್ಚರಿಕೆ ಪ್ರತಿಯೊಬ್ಬ ರೋಗಿಯ ವಿಷಯದಲ್ಲೂ ಒಂದೇ ಸಮನಾಗಿರಬೇಕು. ಹಾಗಿದ್ದೂ ಸಿಬ್ಬಂದಿಗೆ ಸೂಜಿ ಚುಚ್ಚಿದರೆ 72 ಗಂಟೆಯೊಳಗೆ, ಆದಷ್ಟೂ ಬೇಗ ಆರಂಭಿಸಿ 28 ದಿನ ತೆಗೆದುಕೊಳ್ಳುವ ತಡೆಮಾತ್ರೆಗಳಿವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಎಮರ್ಜೆನ್ಸಿಗೆ ಬಂದವರಿಗೂ ಇದೇ ಮಾತ್ರೆಗಳು ರಕ್ಷಣೆ ಕೊಡುತ್ತವೆ.

ಒಂದೇ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಯಾರಿಗೂ 'ನಿಮಗೆ ಎಚ್‌ಐವಿ ಇದೆ' ಎನ್ನಬಾರದು. ನಮ್ಮ ದೇಶದ ವಯಸ್ಕರಲ್ಲಿ ಸೋಂಕಿತರ ಪ್ರಮಾಣ ನೂರಕ್ಕೆ ಸುಮಾರು 0.2, ಅಂದರೆ ಸಾವಿರಕ್ಕೆ ಇಬ್ಬರು. ಸೋಂಕಿಲ್ಲದ ಸಾವಿರ ಜನರಲ್ಲಿ ಐವರಿಗೆ ತಪ್ಪಾಗಿ ಪಾಸಿಟಿವ್ ತೋರಿಸುವ ಒಂದು ಕಿಟ್ ಇದೆಯೆಂದು ಇಟ್ಟುಕೊಳ್ಳಿ. ಕಿಟ್ ಒಳ್ಳೆಯದೇ. ಆದರೂ ಸಾವಿರ ಜನರನ್ನು ಪರೀಕ್ಷಿಸಿದಾಗ ಬರುವ ಏಳು ಪಾಸಿಟಿವ್‌ಗಳಲ್ಲಿ ನಿಜವಾದವು ಎರಡೇ. ಅದಕ್ಕಾಗಿಯೇ ಐಸಿಟಿಸಿಯಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಿಂದ ಪರೀಕ್ಷಿಸಿ, ಮೂರರಲ್ಲೂ ಪಾಸಿಟಿವ್ ಬಂದರೆ ಮಾತ್ರ ಸೋಂಕು ಖಚಿತವೆನ್ನುತ್ತಾರೆ. ಎಮರ್ಜೆನ್ಸಿಯಲ್ಲಿ ಹೇಳಬೇಕಾದ ಸರಿಯಾದ ಮಾತು: 'ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದಿದೆ, ಖಚಿತಪಡಿಸಿಕೊಳ್ಳಲು ಇನ್ನೊಮ್ಮೆ ನೋಡಬೇಕು, ಆ ಪರೀಕ್ಷೆಗೆ ನಾವೇ ವ್ಯವಸ್ಥೆ ಮಾಡುತ್ತೇವೆ.' ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಉಂಟು. ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ದದ್ದು ಬರುತ್ತದೆ. ಡೆಂಗಿಯೆಂದೋ ವೈರಲ್ ಜ್ವರವೆಂದೋ ಅದು ದಾಟಿಹೋಗಬಹುದು. ಆ ದಿನಗಳಲ್ಲಿ ಪ್ರತಿಕಾಯ ಹುಡುಕುವ ಕಿಟ್ ನೆಗೆಟಿವ್ ತೋರಿಸಬಹುದು. ಆದ್ದರಿಂದ ಇತ್ತೀಚೆಗೆ ಸೋಂಕಿಗೆ ಒಡ್ಡಿಕೊಂಡ ಅನುಮಾನವಿದ್ದರೆ ಮೂರು ತಿಂಗಳ ಹೊತ್ತಿಗೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವುದು ಅಗತ್ಯ.

ಹೇಳುವುದು ಯಾರಿಗೆ, ಹೇಗೆ?

ಎಮರ್ಜೆನ್ಸಿಯಲ್ಲಿ ಏಕಾಂತವೆಂಬುದೇ ಇರುವುದಿಲ್ಲ. ಮಂಚದ ಸುತ್ತ ಅಣ್ಣತಮ್ಮಂದಿರು, ಊರಿನವರು, ಪಕ್ಕದ ಮಂಚದ ರೋಗಿಯ ಕಡೆಯವರು ಇರುತ್ತಾರೆ. ವೈದ್ಯರು ರೋಗಿಗಿಂತ ಮೊದಲು ಅವನ ಜತೆ ಬಂದ ಹಿರಿಯರನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸುವುದು ನಮ್ಮಲ್ಲಿ ರೂಢಿ. ಎಚ್‌ಐವಿಯ ವಿಷಯದಲ್ಲಿ ಈ ರೂಢಿ ಬದುಕನ್ನೇ ಹಾಳುಮಾಡಬಲ್ಲದು, ಕಾನೂನಿಗೂ ವಿರುದ್ಧ. ಫಲಿತಾಂಶ ಮೊದಲು ತಿಳಿಯಬೇಕಾದದ್ದು ರೋಗಿಗೆ, ಅವನೊಬ್ಬನಿಗೇ, ಮರೆಯಲ್ಲಿ. ಕೇಸ್ ಶೀಟಿನ ಹೊರಗೆ ಕೆಂಪು ಶಾಯಿಯಲ್ಲಿ ಬರೆಯುವುದು, ಮಂಚಕ್ಕೆ ಗುರುತು ಹಾಕುವುದು, ವಾರ್ಡಿನಲ್ಲಿ ಜೋರಾಗಿ ಹೇಳುವುದು ಯಾವುದೂ ಕೂಡದು. ಚಿಕಿತ್ಸೆಗೆ ಅಗತ್ಯವಿದ್ದಾಗ ಅವನನ್ನು ನೋಡುತ್ತಿರುವ ವೈದ್ಯರು ತಮ್ಮ ತಮ್ಮಲ್ಲಿ ಮಾಹಿತಿ ಹಂಚಿಕೊಳ್ಳಲು ಕಾಯ್ದೆ ಅವಕಾಶ ಕೊಡುತ್ತದೆ. ಅದರಾಚೆಗೆ ಬಾಯಿ ಬಿಗಿಯಾಗಿರಬೇಕು.

ಗುಟ್ಟು ಕಾಯುವುದಕ್ಕೂ ಚಿಕಿತ್ಸೆಗೆ ತಲುಪಿಸುವುದಕ್ಕೂ ನೇರ ಸಂಬಂಧವಿದೆ. ತನ್ನ ವಿಷಯ ಬಯಲಾಯಿತು ಎಂದು ರೋಗಿಗೆ ಅನ್ನಿಸಿದ ಗಳಿಗೆಯಲ್ಲೇ ಅವನು ಆ ಆಸ್ಪತ್ರೆಯ ಪಾಲಿಗೆ ಇಲ್ಲವಾಗುತ್ತಾನೆ. ಕೊಟ್ಟ ಫೋನ್ ನಂಬರ್ ಸುಳ್ಳಾಗುತ್ತದೆ, ವಿಳಾಸ ಬೇರೆಯಾಗುತ್ತದೆ, ಅರ್ಧ ಚಿಕಿತ್ಸೆಯಲ್ಲೇ ಮನೆಗೆ ಹೊರಡುತ್ತಾನೆ. ನಂಬಿಕೆ ಉಳಿಸಿಕೊಂಡ ಆಸ್ಪತ್ರೆಗೆ ಮಾತ್ರ ರೋಗಿಯೂ ಉಳಿಯುತ್ತಾನೆ.

ವಿಷಯ ಕೇಳಿದ ಮೇಲೆ ಮೊದಲ ಕೆಲವು ನಿಮಿಷ ಬೇರೇನೂ ಕಿವಿಗೆ ಬೀಳುವುದಿಲ್ಲ ಎಂಬುದನ್ನು ಹೇಳುವವರು ನೆನಪಿಡಬೇಕು. ಆಗ ಸಿಡಿ4, ವೈರಲ್ ಲೋಡ್ ಎಂದೆಲ್ಲ ವಿವರಿಸಿ ಫಲವಿಲ್ಲ. ಮೂರು ಮಾತು ಸಾಕು: ಇದಕ್ಕೆ ಒಳ್ಳೆಯ ಔಷಧಿ ಇದೆ, ಅದು ಉಚಿತ, ನಿಮ್ಮ ಜತೆ ಇಂಥವರು ಇರುತ್ತಾರೆ. ಮೂರನೆಯ ಮಾತು ಹೇಳುವಾಗ ಆ 'ಇಂಥವರು' ಎದುರಿಗೇ ನಿಂತಿರಬೇಕು.

ದಾರಿ ಎಲ್ಲಿ ಕಡಿಯುತ್ತದೆ?

ಐಸಿಟಿಸಿ ಮತ್ತು ಎಆರ್‌ಟಿ ಕೇಂದ್ರಗಳು ಕಚೇರಿ ವೇಳೆಯಲ್ಲಿ ಕೆಲಸ ಮಾಡುತ್ತವೆ. ಎಮರ್ಜೆನ್ಸಿಗೆ ರಾತ್ರಿಯಿಲ್ಲ, ಭಾನುವಾರವಿಲ್ಲ. ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ಮನೆಗೆ ಹೋದ ರೋಗಿ ಆಪ್ತ ಸಮಾಲೋಚಕರ ಮುಖವನ್ನೇ ಕಾಣುವುದಿಲ್ಲ. ಇದು ಮೊದಲ ಬಿರುಕು. ಖಾಸಗಿ ಆಸ್ಪತ್ರೆಯಿಂದ ಸರ್ಕಾರಿ ಕೇಂದ್ರಕ್ಕೆ ಹೋಗಬೇಕಾದಲ್ಲಿ ಇನ್ನೊಂದು ಬಿರುಕು. ಇಲ್ಲಿಂದ ಕಳಿಸಿದವನು ಅಲ್ಲಿಗೆ ತಲುಪಿದನೇ ಎಂದು ನೋಡುವವರು ಇರುವುದಿಲ್ಲ.

ಉಳಿದ ಕಾರಣಗಳು ರೋಗಿಯ ಬದುಕಿನವು. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ತನ್ನದೇ ಜಿಲ್ಲೆಯ ಎಆರ್‌ಟಿ ಕೇಂದ್ರದ ಸಾಲಿನಲ್ಲಿ ನಿಂತರೆ ಪರಿಚಯದವರು ಕಂಡಾರೆಂಬ ಅಂಜಿಕೆ. ಹೆಂಡತಿಗೆ ಏನೆಂದು ಹೇಳುವುದೆಂಬ ದಿಗಿಲು. ಗಂಡ ಮನೆಯಿಂದ ಹೊರಹಾಕಿದರೆ ಎಲ್ಲಿಗೆ ಹೋಗುವುದೆಂಬ ಹೆಂಗಸಿನ ಭಯ. ಕಾಲು ಕೂಡಿಕೊಂಡಿತು, ಜ್ವರ ಇಳಿಯಿತು, ಈಗ ಚೆನ್ನಾಗಿಯೇ ಇದ್ದೇನಲ್ಲ ಎಂಬ ಸಮಾಧಾನವೂ ಇರುತ್ತದೆ. ಮೈಯಲ್ಲಿ ಕಸುವಿರುವಾಗ ಯಾರಿಗೂ ಕಾಣದ ರೋಗಕ್ಕೆ ಮಾತ್ರೆ ತಿನ್ನುವುದು ಸುಲಭದ ತೀರ್ಮಾನವಲ್ಲ.

ಇಲ್ಲಿ ಕಾಲವೇ ಎಲ್ಲಕ್ಕಿಂತ ದೊಡ್ಡ ಮಾತು. ಒಟ್ಲಿನಿಂದ ಕಿತ್ತ ಭತ್ತದ ಸಸಿಯನ್ನು ಬದುವಿನ ಮೇಲೆ ಇಟ್ಟಷ್ಟೂ ಹೊತ್ತು ಅದು ಬಾಡುತ್ತದೆ. ಎಮರ್ಜೆನ್ಸಿಯಿಂದ ಹೊರಟು ಎಆರ್‌ಟಿ ಕೇಂದ್ರ ತಲುಪದ ರೋಗಿಯ ಮನಸ್ಸಿನ ನಿರ್ಧಾರವೂ ಹಾಗೆಯೇ. ಮೊದಲ ವಾರದಲ್ಲಿ ತಲುಪದವರನ್ನು ಮೂರನೆಯ ತಿಂಗಳಲ್ಲಿ ಹುಡುಕುವುದು ಬಹಳ ಕಷ್ಟ.

ಜತೆಗೊಬ್ಬರಿದ್ದರೆ ಏನಾಗುತ್ತದೆ?

ಇದು ಬರೀ ಅಂತಃಕರಣದ ಮಾತಲ್ಲ, ಅಳೆದು ನೋಡಿದ ಸತ್ಯ. ಅಟ್ಲಾಂಟಾ, ಬಾಲ್ಟಿಮೋರ್, ಲಾಸ್ ಏಂಜಲೀಸ್, ಮಯಾಮಿ ನಗರಗಳಲ್ಲಿ ಆಗಷ್ಟೇ ಎಚ್‌ಐವಿ ಪತ್ತೆಯಾದವರನ್ನು ಎರಡು ಗುಂಪು ಮಾಡಿ 'ಆರ್ಟಾಸ್' ಎಂಬ ಅಧ್ಯಯನ ನಡೆಸಲಾಯಿತು. ಒಂದು ಗುಂಪಿಗೆ ಮಾಹಿತಿ ಹಾಗೂ ಎಲ್ಲಿಗೆ ಹೋಗಬೇಕೆಂಬ ಚೀಟಿ ಸಿಕ್ಕಿತು. ಇನ್ನೊಂದು ಗುಂಪಿನ ಪ್ರತಿಯೊಬ್ಬರಿಗೂ ಒಬ್ಬ ಕಾರ್ಯಕರ್ತರನ್ನು ಗೊತ್ತುಮಾಡಲಾಯಿತು. ಆ ಕಾರ್ಯಕರ್ತರು 90 ದಿನಗಳಲ್ಲಿ ಹೆಚ್ಚೆಂದರೆ ಐದು ಸಲ ಭೇಟಿಯಾಗಿ ಮಾತನಾಡುತ್ತಿದ್ದರು, ಅಡ್ಡಿಗಳೇನೆಂದು ಕೇಳುತ್ತಿದ್ದರು, ಬೇಕಾದರೆ ಕ್ಲಿನಿಕ್‌ಗೆ ಜತೆಗೂ ಹೋಗುತ್ತಿದ್ದರು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆರು ತಿಂಗಳೊಳಗೆ ಎಚ್‌ಐವಿ ವೈದ್ಯರನ್ನು ಕಂಡವರು ಚೀಟಿಯ ಗುಂಪಿನಲ್ಲಿ ನೂರಕ್ಕೆ 60 ಮಂದಿ, ಜತೆಗೊಬ್ಬರಿದ್ದ ಗುಂಪಿನಲ್ಲಿ 78 ಮಂದಿ. ಐದೇ ಭೇಟಿಗಳಿಂದ ನೂರಕ್ಕೆ ಹದಿನೆಂಟು ಮಂದಿ ಹೆಚ್ಚಿಗೆ ಚಿಕಿತ್ಸೆಯ ಬಾಗಿಲಿಗೆ ಬಂದರು.

ಹ್ಯೂಸ್ಟನ್‌ನ ಸಾರ್ವಜನಿಕ ಆಸ್ಪತ್ರೆಗಳು 2008ರಲ್ಲಿ ತುರ್ತು ವಿಭಾಗದಲ್ಲಿ ಎಚ್‌ಐವಿ ಪರೀಕ್ಷೆಯನ್ನು ವಾಡಿಕೆಯಾಗಿಸಿದಾಗ, ಪಾಸಿಟಿವ್ ಬಂದವರನ್ನು ಕ್ಲಿನಿಕ್‌ಗೆ ತಲುಪಿಸುವುದಕ್ಕೆಂದೇ ಕಾರ್ಯಕರ್ತರನ್ನೂ ಇಟ್ಟುಕೊಂಡವು. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಆಸ್ಪತ್ರೆಯ 'ವಾರ್ಡ್ 86' 2013ರಿಂದ, ಸೋಂಕು ತಿಳಿದ ದಿನವೇ ವೈದ್ಯರು, ಸಮಾಲೋಚಕರು, ಮಾತ್ರೆ ಮೂರೂ ರೋಗಿಗೆ ಸಿಗುವಂತೆ ಮಾಡಿತು. ದಕ್ಷಿಣ ಲಂಡನ್‌ನಲ್ಲಿ ಎಲ್ಟನ್ ಜಾನ್ ಏಡ್ಸ್ ಪ್ರತಿಷ್ಠಾನ 2018ರಿಂದ 2021ರವರೆಗೆ ನಡೆಸಿದ ಯೋಜನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊಸದಾಗಿ ಪತ್ತೆಯಾದವರನ್ನು ಅಥವಾ ಬಿಟ್ಟುಹೋದವರನ್ನು ಚಿಕಿತ್ಸೆಗೆ ಕರೆತಂದರೆ, ತಲುಪಿದ ಪ್ರತಿ ವ್ಯಕ್ತಿಗೂ ಇಷ್ಟೆಂದು ಆಸ್ಪತ್ರೆಗಳಿಗೂ ಸಮುದಾಯ ಸಂಸ್ಥೆಗಳಿಗೂ ಅದು ಹಣ ಕೊಟ್ಟಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಬಳಸಿದ ಕಿಟ್‌ಗಳ ಸಂಖ್ಯೆಯಲ್ಲ, ತಲುಪಿದ ಜನರ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆಯೂ 2017ರಿಂದ, ಸೋಂಕು ಖಚಿತವಾದ ಏಳು ದಿನದೊಳಗೆ, ರೋಗಿ ಸಿದ್ಧನಿದ್ದರೆ ಅದೇ ದಿನ, ಮಾತ್ರೆ ಆರಂಭಿಸಿ ಎನ್ನುತ್ತಿದೆ.

ನಮ್ಮ ರಾಜ್ಯದಲ್ಲಿ ಏನೇನಿದೆ?

ಇವೆಲ್ಲ ಶ್ರೀಮಂತ ದೇಶಗಳ ಕಥೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಔಷಧಿಯ ಕಡೆಯ ಕೆಲಸ ಬಹುಮಟ್ಟಿಗೆ ಆಗಿದೆ. ಭಾರತ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಆರಂಭಿಸಿದಾಗ ಮೊದಲ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಮೈಯ ರೋಗನಿರೋಧಕ ಶಕ್ತಿಯನ್ನು ತೋರುವ ಸಿಡಿ4 ಎಣಿಕೆ ಕುಸಿಯುವವರೆಗೆ ಕಾಯುವ ಕಾಲ 2017ರ ಏಪ್ರಿಲ್‌ನಲ್ಲಿ ಮುಗಿಯಿತು. ಅಂದಿನಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ. ಇಂದು ಹೆಚ್ಚಿನವರಿಗೆ ಸಿಗುವುದು ಮೂರು ಔಷಧಿಗಳು ಸೇರಿದ ಟಿಎಲ್‌ಡಿ ಎಂಬ ಮಾತ್ರೆ, ದಿನಕ್ಕೆ ಒಂದೇ ಒಂದು.

ಎಆರ್‌ಟಿ ಕೇಂದ್ರದಲ್ಲಿ ಮೊದಲ ದಿನ ಆಗುವುದಿಷ್ಟು: ಹೆಸರು ನೋಂದಾಯಿಸಿ ಪುಸ್ತಕ ಕೊಡುತ್ತಾರೆ, ಸಮಾಲೋಚಕರು ಮಾತನಾಡುತ್ತಾರೆ, ವೈದ್ಯರು ಕ್ಷಯದ ಲಕ್ಷಣಗಳಿವೆಯೇ ಎಂದು ನೋಡುತ್ತಾರೆ, ಸಿಡಿ4 ಮತ್ತು ಇತರ ಪರೀಕ್ಷೆಗಳಿಗೆ ರಕ್ತ ತೆಗೆಯುತ್ತಾರೆ. ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ನೋಡುತ್ತಾರೆ. ಮಾತ್ರೆಗೆ ಮೈ ಒಗ್ಗಿ ವೈರಸ್ ಹತೋಟಿಗೆ ಬಂದವರಿಗೆ ಕೆಲವು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಡುವ ವ್ಯವಸ್ಥೆಯೂ ಇದೆ. ಊರಿನವರು ನೋಡುತ್ತಾರೆಂಬ ಅಂಜಿಕೆ ಇದ್ದರೆ ಬೇರೆ ಜಿಲ್ಲೆಯ ಕೇಂದ್ರವನ್ನು ಆರಿಸಿಕೊಳ್ಳಬಹುದು. ದುಡಿಯಲು ಬೇರೆ ಊರಿಗೆ ಹೋದರೆ ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಪ್ರಯಾಣವೂ ಹಗುರವಾಗಿದೆ.

ಜತೆ ನಡೆಯುವವರೂ ಇದ್ದಾರೆ. ಐಸಿಟಿಸಿಯ ಆಪ್ತ ಸಮಾಲೋಚಕರಿದ್ದಾರೆ. 2013ರಲ್ಲಿ ಆರಂಭವಾದ 'ವಿಹಾನ್' ಕಾರ್ಯಕ್ರಮದ ಆರೈಕೆ ಮತ್ತು ಬೆಂಬಲ ಕೇಂದ್ರಗಳ ಕಾರ್ಯಕರ್ತರು ಮಾತ್ರೆ ಬಿಟ್ಟವರ ಮನೆ ಹುಡುಕಿಕೊಂಡು ಹೋಗುವ ಕೆಲಸ ಮಾಡುತ್ತ ಬಂದಿದ್ದಾರೆ. ಸೋಂಕಿತರೇ ಕಟ್ಟಿಕೊಂಡ ಸಂಘಟನೆಗಳ ಸದಸ್ಯರಿದ್ದಾರೆ. ಹತ್ತಾರು ವರ್ಷಗಳಿಂದ ಮಾತ್ರೆ ತಿನ್ನುತ್ತ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಿದವರು ಅವರಲ್ಲಿದ್ದಾರೆ. ಅಂಥವರೊಬ್ಬರು ಮಂಚದ ಪಕ್ಕ ಕೂತು 'ನನಗೂ ಇದೆ, ನೋಡಿ, ಚೆನ್ನಾಗಿದ್ದೇನೆ' ಎಂದರೆ ಅದಕ್ಕಿರುವ ಬಲ ಯಾವ ಕರಪತ್ರಕ್ಕೂ ಇಲ್ಲ. ಆಗಬೇಕಾದದ್ದು ಇವರಿಗೂ ಎಮರ್ಜೆನ್ಸಿಗೂ ನಡುವೆ ಒಂದು ಗಟ್ಟಿ ಕೊಂಡಿ. ಪ್ರತಿ ಎಮರ್ಜೆನ್ಸಿಯ ಗೋಡೆಯ ಮೇಲೆ ಸಮಾಲೋಚಕರ ಫೋನ್ ನಂಬರ್ ಇರಬೇಕು. ರಾತ್ರಿ ಪತ್ತೆಯಾದವರ ವಿಷಯ ಬೆಳಿಗ್ಗೆ ಅವರಿಗೆ ತಲುಪಬೇಕು. ಅವರು ವಾರ್ಡಿಗೇ ಬಂದು ರೋಗಿಯನ್ನು ಕಾಣಬೇಕು. ಎಆರ್‌ಟಿ ಕೇಂದ್ರಕ್ಕೆ ಹೋಗುವ ದಿನ ಗೊತ್ತಾದ ಮೇಲೆಯೇ ಡಿಸ್ಚಾರ್ಜ್ ಆಗಬೇಕು. ಆ ದಿನ ದಾಟಿದರೆ ರೋಗಿ ಒಪ್ಪಿ ಕೊಟ್ಟ ನಂಬರಿಗೆ, ಅವನು ಹೇಳಿದ ಹೊತ್ತಿನಲ್ಲಿ, ಒಂದು ಫೋನ್ ಹೋಗಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಯಾರು, ಯಾವಾಗ, ಯಾರಿಗೆ ಎಂದು ಬರೆದಿಟ್ಟ ಒಂದು ಒಪ್ಪಂದ ಸಾಕು.

ಎಮರ್ಜೆನ್ಸಿ ವೈದ್ಯರೂ ಎಆರ್‌ಟಿ ವೈದ್ಯರೂ ಮಾತನಾಡಬೇಕೆನ್ನಲು ಔಷಧಿಯ ಕಾರಣವೂ ಇದೆ. ಮೆದುಳು ಪೊರೆಯ ಕ್ಷಯ ಅಥವಾ ಕ್ರಿಪ್ಟೊಕಾಕಸ್ ಶಿಲೀಂಧ್ರದ ಸೋಂಕಿರುವವರಿಗೆ ಎಚ್‌ಐವಿ ಮಾತ್ರೆಯನ್ನು ಆ ದಿನವೇ ಶುರುಮಾಡಿದರೆ ಅಪಾಯ. ಮೊದಲು ಆ ರೋಗದ ಚಿಕಿತ್ಸೆ, ಕೆಲವು ವಾರಗಳ ನಂತರ ಎಆರ್‌ಟಿ. ಈಗಾಗಲೇ ಟಿಎಲ್‌ಡಿ ತಿನ್ನುವವನು ಮೂಳೆ ಮುರಿದು ಬಂದರೆ ಅವನಿಗೆ ಬರೆಯುವ ಕ್ಯಾಲ್ಸಿಯಂ ಮಾತ್ರೆ, ಖಾಲಿ ಹೊಟ್ಟೆಯಲ್ಲಿ ಜತೆಗೇ ತಿಂದರೆ, ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಮೈಗೆ ಹತ್ತುವುದನ್ನು ತಡೆಯುತ್ತದೆ. ತಲೆಗೆ ಪೆಟ್ಟಾದವರಿಗೆ ಫಿಟ್ಸ್ ಬಾರದಂತೆ ಕೊಡುವ ಫೆನಿಟಾಯಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಅದರ ಮಟ್ಟವನ್ನು ತಗ್ಗಿಸುತ್ತವೆ. ಕ್ಷಯವಿದ್ದಾಗ ಡೊಲುಟೆಗ್ರಾವಿರ್ ಅನ್ನು ದಿನಕ್ಕೆ ಎರಡು ಸಲ ಕೊಡಬೇಕಾಗುತ್ತದೆ. ಇದನ್ನೆಲ್ಲ ರೋಗಿಯೇ ತಿಳಿದು ಹೇಳಲಿ ಎಂದು ಬಿಡುವಂತಿಲ್ಲ.

ಮಾತ್ರೆ ಬಿಟ್ಟು ಬಂದವರು

ಮೊದಲೇ ಹೇಳಿದ ಹಾಗೆ, ಎಮರ್ಜೆನ್ಸಿಗೆ ಬರುವ ಸೋಂಕಿತರಲ್ಲಿ ವಿಷಯ ಗೊತ್ತಿದ್ದೂ ಮಾತ್ರೆ ನಿಲ್ಲಿಸಿದವರಿರುತ್ತಾರೆ. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ 2017ರಲ್ಲಿ 'ಮಿಷನ್ ಸಂಪರ್ಕ್' ಎಂಬ ಹೆಸರಿನಲ್ಲಿ ಇವರನ್ನು ಮರಳಿ ಕರೆತರಲು ಹೊರಟಿತು. ಬಿಟ್ಟ ಪ್ರತಿಯೊಬ್ಬರಿಗೂ ಒಂದು ಕಾರಣವಿರುತ್ತದೆ: ಗಂಡ ತೀರಿಕೊಂಡ, ಕೆಲಸ ಸಿಕ್ಕಿದ ಊರು ದೂರ, ಕುಡಿತ, ಖಿನ್ನತೆ, ಕೇಂದ್ರದಲ್ಲಿ ಯಾರೋ ಗದರಿದರು, ದೇವರ ಹರಕೆಯಿಂದ ವಾಸಿಯಾಯಿತೆಂದು ಯಾರೋ ನಂಬಿಸಿದರು. 'ಯಾಕೆ ಬಿಟ್ಟಿರಿ?' ಎಂದು ಬೈಯುವ ಬದಲು 'ಮತ್ತೆ ಶುರುಮಾಡಲು ಏನು ಅಡ್ಡಿಯಿದೆ?' ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಬಿಟ್ಟವರನ್ನು ಯಾವ ಎಆರ್‌ಟಿ ಕೇಂದ್ರವೂ ವಾಪಸ್ ಕಳಿಸುವಂತಿಲ್ಲ. ನಡುವೆ ಎಷ್ಟೇ ಕಾಲ ಕಳೆದಿದ್ದರೂ ಬಾಗಿಲು ತೆರೆದೇ ಇದೆ.

ಇನ್ನು ಮಾತ್ರೆಯನ್ನು ತಪ್ಪದೆ ತಿನ್ನುವವರದೂ ಒಂದು ಕಷ್ಟವಿದೆ. ಅಪಘಾತವಾಗಿ ಸೇರಿದಾಗ ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿದಿರುತ್ತದೆ. ವಾರ್ಡಿನಲ್ಲಿ ಎಲ್ಲರೆದುರು ಕೇಳಲು ನಾಚಿಕೆ. ಹೀಗೆ ದಿನಗಳು ಕಳೆದುಹೋಗುತ್ತವೆ. ದಾಖಲಾದ ಪ್ರತಿಯೊಬ್ಬ ರೋಗಿಯನ್ನೂ ಮರೆಯಲ್ಲಿ 'ದಿನಾ ತಿನ್ನುವ ಮಾತ್ರೆ ಯಾವುದಾದರೂ ಇದೆಯೇ?' ಎಂದು ಕೇಳುವುದು ಎಮರ್ಜೆನ್ಸಿಯ ರೂಢಿಯಾದರೆ ಇದು ತಪ್ಪುತ್ತದೆ.

ತಲುಪಿದವರಿಗೆ ಸಿಗುವುದೇನು?

ಬದುಕು. 35 ದೇಶಗಳ 4,685 ಜನರನ್ನು ಒಳಗೊಂಡ 'ಸ್ಟಾರ್ಟ್' ಅಧ್ಯಯನ 2015ರಲ್ಲಿ ತೋರಿಸಿದಂತೆ, ಸಿಡಿ4 ಇಳಿಯುವುದನ್ನು ಕಾಯದೆ ಕೂಡಲೇ ಮಾತ್ರೆ ಶುರುಮಾಡಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವಿನ ಪ್ರಮಾಣ ನೂರಕ್ಕೆ 57ರಷ್ಟು ಕಡಿಮೆಯಾಯಿತು. ಚಿಕಿತ್ಸೆಯಿಂದ ವೈರಸ್ ಪರೀಕ್ಷೆಗೆ ಸಿಗದಷ್ಟು ತಗ್ಗಿದವರಿಂದ ಲೈಂಗಿಕ ಸಂಗಾತಿಗೆ ಸೋಂಕು ದಾಟುವುದಿಲ್ಲ. 2016 ಮತ್ತು 2019ರಲ್ಲಿ ಪ್ರಕಟವಾದ 'ಪಾರ್ಟ್‌ನರ್' ಅಧ್ಯಯನಗಳಲ್ಲಿ ಅಂಥ ಜೋಡಿಗಳ ನಡುವೆ ಒಂದೇ ಒಂದು ಸೋಂಕೂ ದಾಟಲಿಲ್ಲ. ಸರಿಯಾದ ಚಿಕಿತ್ಸೆಯಲ್ಲಿರುವ ತಾಯಿ ಸೋಂಕಿಲ್ಲದ ಮಗುವನ್ನು ಹಡೆಯಬಲ್ಲಳು. ಅಂದರೆ ಎಮರ್ಜೆನ್ಸಿಯಿಂದ ಒಬ್ಬರನ್ನು ಎಆರ್‌ಟಿ ಕೇಂದ್ರಕ್ಕೆ ತಲುಪಿಸಿದರೆ ಒಂದು ಮನೆಯನ್ನೇ ಕಾಪಾಡಿದಂತೆ. ಅದರ ಜತೆಗೇ ಸಂಗಾತಿಗೂ ಮಕ್ಕಳಿಗೂ ಪರೀಕ್ಷೆಯಾಗಬೇಕು. ಆ ಮಾತನ್ನು ರೋಗಿಯೇ ಮನೆಯಲ್ಲಿ ಹೇಳಲು ಸಮಾಲೋಚಕರು ನೆರವಾಗುತ್ತಾರೆ.

ನಿಮ್ಮ ಪರಿಚಯದವರಲ್ಲಿ ಯಾರಿಗಾದರೂ ಇಂಥ ಸಂದರ್ಭ ಬಂದರೆ ಮಾಡಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ಏನೇ ಅನುಮಾನವಿದ್ದರೂ 1097ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆ ಉಚಿತ, ಹತ್ತಿರದ ಕೇಂದ್ರ ಎಲ್ಲಿದೆ ಎಂದು ತಿಳಿಸುತ್ತಾರೆ. ಆಸ್ಪತ್ರೆ ಬಿಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು: ಖಚಿತ ಪರೀಕ್ಷೆ ಆಗಿದೆಯೇ? ಎಆರ್‌ಟಿ ಕೇಂದ್ರಕ್ಕೆ ಯಾವ ದಿನ ಹೋಗಬೇಕು? ಅಲ್ಲಿ ಯಾರನ್ನು ಕಾಣಬೇಕು? ಚಿಕಿತ್ಸೆ ನಿರಾಕರಿಸಿದರೆ, ಗುಟ್ಟು ಬಯಲು ಮಾಡಿದರೆ ಆಸ್ಪತ್ರೆಯಲ್ಲೇ ದೂರು ಕೊಡಬಹುದು. ಇಪ್ಪತ್ತು ಅಥವಾ ಹೆಚ್ಚು ಮಂದಿ ಇರುವ ಆರೋಗ್ಯ ಸಂಸ್ಥೆಗಳಲ್ಲಿ ದೂರು ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಅದರ ಮೇಲೆ ರಾಜ್ಯದ ಓಂಬುಡ್ಸ್‌ಮನ್ ವ್ಯವಸ್ಥೆಯೂ ಇದೆ. ಮತ್ತು ಅವರು ನಿಮ್ಮನ್ನು ನಂಬಿ ಹೇಳಿಕೊಂಡಿದ್ದರೆ, ಮೊದಲ ದಿನ ಎಆರ್‌ಟಿ ಕೇಂದ್ರಕ್ಕೆ ನೀವೇ ಜತೆಗೆ ಹೋಗಿ.

ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಇನ್ನೂ ಮಾತ್ರೆಯಿಂದ ದೂರ ಉಳಿದವರು ಇಂದಲ್ಲ ನಾಳೆ ಯಾವುದೋ ಎಮರ್ಜೆನ್ಸಿಯ ಬಾಗಿಲಿಗೆ ಬರುತ್ತಾರೆ. ಆ ಆಸ್ಪತ್ರೆ ತನ್ನ ಕೆಲಸವನ್ನು ಎಷ್ಟು ಜನರಿಗೆ ಪರೀಕ್ಷೆ ಮಾಡಿದೆವು ಎಂಬುದರಿಂದ ಅಳೆಯಬಾರದು. ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿ ಮಾತ್ರೆ ಶುರುಮಾಡಿದರು, ವರ್ಷದ ಮೇಲೂ ಎಷ್ಟು ಮಂದಿ ತಿನ್ನುತ್ತಿದ್ದಾರೆ ಎಂಬುದರಿಂದ ಅಳೆಯಬೇಕು. ಈ ಲೆಕ್ಕವನ್ನು ಪ್ರತಿ ತಿಂಗಳೂ ಬರೆದಿಡಲು ಒಬ್ಬರನ್ನು ನೇಮಿಸಿದರೆ, ನೀವು ಕೇಳಿದ ಹೊಣೆ ಯಾರದೆಂಬ ಪ್ರಶ್ನೆಗೆ ಪ್ರತಿ ಆಸ್ಪತ್ರೆಯಲ್ಲೂ ಒಂದು ಹೆಸರು ಸಿಗುತ್ತದೆ.